ಮೊಲದ ಮರಿಗಳ ಪಾಲನೆ: ಹುಟ್ಟಿನಿಂದ ಮೂರು ತಿಂಗಳವರೆಗೆ

ಮಾಂಸ ಹಾಗೂ ಉಣ್ಣೆಗಾಗಿ ನಡೆಸುವ ಮೊಲ ಸಾಕಾಣಿಕೆ ಘಟಕಗಳಲ್ಲದೆ, ಹಳ್ಳಿ ಮತ್ತು ಪಟ್ಟಣಗಳ ಅನೇಕ ಮನೆಗಳಲ್ಲಿ ಮಕ್ಕಳ ಅಕ್ಕರೆಗಾಗಿ ಒಂದು ಜೋಡಿ ಮೊಲಗಳನ್ನು ಸಾಕುವುದು ಈಗ ಸಾಮಾನ್ಯವಾಗಿದೆ. ಜೋಡಿಯಾಗಿ ಸಾಕಿದಲ್ಲಿ ಇಂದಲ್ಲ ನಾಳೆ ಮರಿಗಳಾಗುತ್ತವೆ. ಆದರೆ ಹುಟ್ಟಿದ ಮರಿಗಳೆಲ್ಲವೂ ಬದುಕಿ ಬೆಳೆಯುವುದಿಲ್ಲ. ಮರಿಗಳ ಸಾವು ಮುಖ್ಯವಾಗಿ ಎರಡು ಅವಧಿಗಳಲ್ಲಿ ಸಂಭವಿಸುತ್ತದೆ. ಮೊದಲನೆಯದು ಹುಟ್ಟಿದ ಹತ್ತು ದಿನಗಳೊಳಗೆ. ಇದಕ್ಕೆ ಚಳಿ ಮತ್ತು ಹಸಿವು ಕಾರಣ. ಎರಡನೆಯದು ಹಾಲಿನಿಂದ ಮೇವಿಗೆ ಹೊರಳುವ ಮೂರರಿಂದ ಎಂಟನೆಯ ವಾರದ ಅವಧಿ; ಇದಕ್ಕೆ ಕರುಳಿನ ತೊಂದರೆ ಕಾರಣ.

ಈ ಎರಡೂ ಅವಧಿಗಳಲ್ಲಿ ಅನೇಕ ಮರಿಗಳು ಸಾಕುವವರ ಅತಿಯಾದ ಕಾಳಜಿಯಿಂದಲೇ ಸಾಯುತ್ತವೆ ಎಂಬುದು ವಿಷಾದದ ಸಂಗತಿ. ತಾಯಿ ಹಾಲು ಕೊಡುತ್ತಿಲ್ಲವೆಂದು ಭಾವಿಸಿ ಹಸುವಿನ ಹಾಲು ಕುಡಿಸುವುದು, ಮರಿಗಳು ಮುದ್ದಾಗಿವೆಯೆಂದು ಗೂಡಿನಿಂದ ಪದೇ ಪದೇ ಹೊರತೆಗೆಯುವುದು, ಬೇಗ ಬೆಳೆಯಲೆಂದು ಅನ್ನ, ಬಿಸ್ಕತ್ತು ತಿನ್ನಿಸುವುದು ಇವುಗಳಲ್ಲಿ ಪ್ರಮುಖವಾದವು. ಮರಿಯ ಪ್ರತಿ ಹಂತದಲ್ಲಿ ನೀವು ಏನನ್ನು ಗಮನಿಸಬೇಕು, ಯಾವಾಗ ಕೈಹಾಕಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೊದಲು ತಿಳಿಯಬೇಕಾದದ್ದು: ಸಾಕುಮೊಲವೇ, ಕಾಡುಮೊಲವೇ?

ರಾಗಿ ಕೊಯ್ಲು, ಕಬ್ಬು ಕಟಾವು ಅಥವಾ ಉಳುಮೆಯ ವೇಳೆ ಹೊಲದಲ್ಲಿ ಸಿಕ್ಕ ಮರಿಗಳನ್ನು ಮನೆಗೆ ತಂದು ಸಾಕಲು ಯತ್ನಿಸುವವರಿದ್ದಾರೆ. ಇವು ಕಾಡುಮೊಲದ ಮರಿಗಳು. ಸಾಕುಮೊಲವು ಯುರೋಪಿನ ಬಿಲವಾಸಿ ಮೊಲದಿಂದ ಬಂದದ್ದು. ನಮ್ಮ ಹೊಲಗದ್ದೆಗಳ ಕಾಡುಮೊಲ ಬೇರೆಯೇ ಪ್ರಾಣಿ. ಇವೆರಡೂ ಕೂಡಿ ಮರಿ ಹಾಕುವುದಿಲ್ಲ.

ಮರಿಗಳನ್ನು ನೋಡಿದೊಡನೆ ವ್ಯತ್ಯಾಸ ತಿಳಿಯುತ್ತದೆ. ಸಾಕುಮೊಲದ ಮರಿಗೆ ಹುಟ್ಟುವಾಗ ಕೂದಲಿರುವುದಿಲ್ಲ, ಕಣ್ಣು ಮುಚ್ಚಿರುತ್ತವೆ. ಕಾಡುಮೊಲದ ಮರಿ ಮೈತುಂಬ ಕೂದಲು ಹಾಗೂ ತೆರೆದ ಕಣ್ಣುಗಳೊಂದಿಗೆ ಹುಟ್ಟುತ್ತದೆ. ತಾಯಿ ಅದನ್ನು ಹುಲ್ಲಿನ ಮರೆಯಲ್ಲಿ ಬಿಟ್ಟು ದೂರವಿದ್ದು, ಕತ್ತಲಾದ ಮೇಲೆ ಬಂದು ಹಾಲೂಡಿಸುತ್ತದೆ. ಆದ್ದರಿಂದ ಹೊಲದಲ್ಲಿ ಒಂಟಿಯಾಗಿ ಕಂಡ ಮರಿ ಅನಾಥವಾಗಿದೆಯೆಂದು ತಿಳಿಯಬಾರದು. ಅದನ್ನು ಅಲ್ಲಿಯೇ ಬಿಡಿ. ಯಂತ್ರ ಹಾಯುವ ಜಾಗದಲ್ಲಿದ್ದರೆ ಸಮೀಪದ ಬದುವಿನ ಹುಲ್ಲಿಗೆ ಸರಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಮೊಲವನ್ನು ಹಿಡಿಯುವುದು, ಸಾಕುವುದು ಅಪರಾಧ. ಮುಂದೆ ಹೇಳುವ ಎಲ್ಲ ವಿಷಯಗಳೂ ಸಾಕುಮೊಲಕ್ಕೆ ಮಾತ್ರ ಅನ್ವಯಿಸುತ್ತವೆ.

ಮರಿ ಹಾಕುವ ಮುನ್ನ ಸಿದ್ಧತೆ

ಮೊಲದ ಗರ್ಭಾವಧಿ ಸಾಮಾನ್ಯವಾಗಿ 30ರಿಂದ 32 ದಿನಗಳು. ಗಂಡಿನೊಂದಿಗೆ ಕೂಡಿಸಿದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮರಿ ಹಾಕುವ ಮುನ್ನವೇ ಗಂಡು ಮೊಲವನ್ನು ಬೇರೆ ಪಂಜರಕ್ಕೆ ಸ್ಥಳಾಂತರಿಸಬೇಕು. ಹೆಣ್ಣು ಮೊಲ ಮರಿ ಹಾಕಿದ ದಿನವೇ ಮತ್ತೆ ಗರ್ಭ ಧರಿಸಬಲ್ಲದು. ಹಾಗಾದಲ್ಲಿ ಎದೆಯಲ್ಲಿ ಹಾಲು, ಒಡಲಲ್ಲಿ ಮರಿ ಎರಡರ ಭಾರವೂ ಸೇರಿ ತಾಯಿ ಸೊರಗುತ್ತದೆ, ಇರುವ ಮರಿಗಳಿಗೂ ಹಾಲು ಸಾಲುವುದಿಲ್ಲ.

ಗರ್ಭ ಧರಿಸಿದ 27 ಅಥವಾ 28ನೆಯ ದಿನ ಪಂಜರದೊಳಗೆ ಗೂಡುಪೆಟ್ಟಿಗೆಯನ್ನು ಇಡಬೇಕು. ಮಧ್ಯಮ ಗಾತ್ರದ ಮೊಲಕ್ಕೆ ಸುಮಾರು 45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಹಾಗೂ 30 ಸೆಂ.ಮೀ. ಎತ್ತರದ ಮರದ ಪೆಟ್ಟಿಗೆ ಸಾಕು. ತಾಯಿ ಒಳಬರುವ ಬದಿಯನ್ನು ಸುಮಾರು 15 ಸೆಂ.ಮೀ. ಎತ್ತರಕ್ಕೆ ತಗ್ಗಿಸಿರಬೇಕು. ಈ ಅಂಚಿಗೆ ಒಂದು ಉದ್ದೇಶವಿದೆ. ಹಾಲು ಕುಡಿಯುತ್ತಿರುವಾಗ ತಾಯಿ ಥಟ್ಟನೆ ಎದ್ದರೆ ಮೊಲೆ ಕಚ್ಚಿಕೊಂಡ ಮರಿ ಅದರೊಡನೆ ಹೊರಗೆ ಎಳೆಯಲ್ಪಡುತ್ತದೆ. ಬೆಕ್ಕು, ನಾಯಿಗಳಂತೆ ಮರಿಯನ್ನು ಬಾಯಿಯಲ್ಲಿ ಕಚ್ಚಿ ಮರಳಿ ತರುವ ಗುಣ ಮೊಲಕ್ಕಿಲ್ಲ. ಹೊರಬಿದ್ದ ಮರಿ ಬಿದ್ದಲ್ಲಿಯೇ ತಣ್ಣಗಾಗಿ ಸಾಯುತ್ತದೆ. ಪೆಟ್ಟಿಗೆಯ ಅಂಚು ಮೊಲೆ ಕಚ್ಚಿದ ಮರಿಯನ್ನು ಒಳಗೇ ಉಳಿಸುತ್ತದೆ. ಮೂತ್ರ ನಿಲ್ಲದಂತೆ ತಳದಲ್ಲಿ ನಾಲ್ಕಾರು ಸಣ್ಣ ರಂಧ್ರಗಳಿರಲಿ.

ಪೆಟ್ಟಿಗೆಯಲ್ಲಿ ಮೆತ್ತನೆಯ ಒಣಹುಲ್ಲನ್ನು ದಪ್ಪವಾಗಿ ಹರಡಿ. ಧೂಳಿನಂತಹ ಮರದ ಪುಡಿ ಬೇಡ. ಅದು ಮರಿಗಳ ಮೂಗಿಗೆ ಸೇರುತ್ತದೆ. ಹಳೆಯ ಬಟ್ಟೆ, ನೂಲು, ತೆಂಗಿನ ನಾರು ಕೂಡ ಬೇಡ. ಎಳೆಗಳು ಮರಿಯ ಕಾಲಿಗೆ ಸುತ್ತಿಕೊಂಡು ರಕ್ತ ಸಂಚಾರವನ್ನು ನಿಲ್ಲಿಸುತ್ತವೆ. ಮರಿ ಹಾಕುವ ದಿನ ಹತ್ತಿರವಾದಂತೆ ತಾಯಿ ಬಾಯಲ್ಲಿ ಹುಲ್ಲು ಕಚ್ಚಿ ಓಡಾಡುತ್ತದೆ. ತನ್ನ ಹೊಟ್ಟೆಯ ಕೂದಲನ್ನು ಕಿತ್ತು ಗೂಡಿಗೆ ಹಾಸುತ್ತದೆ. ಇದು ಸಹಜ ನಡವಳಿಕೆ, ರೋಗವೆಂದು ಗಾಬರಿಯಾಗಬೇಕಿಲ್ಲ.

ಪಂಜರವನ್ನು ನಾಯಿ, ಬೆಕ್ಕು, ಇಲಿ, ಹಾವು ತಲುಪದಂತೆ ಭದ್ರಪಡಿಸಿ. ನಮ್ಮ ಭಾಗದಲ್ಲಿ ಇರುವೆಗಳು ಇವುಗಳಷ್ಟೇ ಅಪಾಯಕಾರಿ. ಹುಟ್ಟಿದ ಮರಿಗಳ ಮೈಮೇಲಿನ ರಕ್ತ ಮತ್ತು ಹಾಲಿನ ವಾಸನೆಗೆ ಕೆಂಜಿಗಗಳು ಮುತ್ತಿ ಒಂದೇ ರಾತ್ರಿಯಲ್ಲಿ ಮರಿಗಳನ್ನು ಕೊಲ್ಲಬಲ್ಲವು. ಪಂಜರದ ನಾಲ್ಕೂ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇರಿಸಿ. ಇರುವೆ ಪುಡಿ ಅಥವಾ ಕೀಟನಾಶಕವನ್ನು ಪಂಜರದ ಸುತ್ತ ಎಂದಿಗೂ ಉದುರಿಸಬೇಡಿ.

ಮೊದಲ ದಿನ

ಮೊಲ ಹೆಚ್ಚಾಗಿ ರಾತ್ರಿ ಅಥವಾ ಮುಂಜಾನೆ ಮರಿ ಹಾಕುತ್ತದೆ. ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿದಿರುತ್ತದೆ. ಬೆಳಿಗ್ಗೆ ಪೆಟ್ಟಿಗೆಯಲ್ಲಿ ಕೂದಲಿನ ರಾಶಿ ಅಲುಗಾಡುವುದನ್ನು ಕಂಡರೆ ಮರಿಗಳು ಹುಟ್ಟಿವೆಯೆಂದು ತಿಳಿಯಬೇಕು.

ತಾಯಿಗೆ ಇಷ್ಟವಾದ ಹಸಿರು ಮೇವನ್ನು ಪಂಜರದ ಇನ್ನೊಂದು ಬದಿಯಲ್ಲಿಟ್ಟು, ಅದು ತಿನ್ನುವ ವೇಳೆಯಲ್ಲಿ ಮರಿಗಳನ್ನು ಪರೀಕ್ಷಿಸಿ. ಮನುಷ್ಯರು ಮುಟ್ಟಿದ ಮರಿಗಳನ್ನು ತಾಯಿ ತೊರೆಯುತ್ತದೆ ಅಥವಾ ತಿನ್ನುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ನಿಮ್ಮೊಡನೆ ಪಳಗಿದ ಮೊಲದ ವಿಷಯದಲ್ಲಿ ಇದು ನಿಜವಲ್ಲ. ಕೈಯನ್ನು ತೊಳೆದು, ತಾಯಿಯ ಮೈಯನ್ನು ಒಮ್ಮೆ ಸವರಿ, ಬಳಿಕ ಮರಿಗಳನ್ನು ಮುಟ್ಟಿದರೆ ಅಡ್ಡಿಯಿಲ್ಲ. ತಾಯಿ ಮರಿಗಳನ್ನು ತಿನ್ನುವ ಪ್ರಸಂಗಗಳು ಉಂಟು; ಅವುಗಳಿಗೆ ಕಾರಣ ಭಯ, ಬಾಯಾರಿಕೆ, ಚೊಚ್ಚಲ ಹೆರಿಗೆಯ ಗೊಂದಲ ಅಥವಾ ಗೂಡಿನಲ್ಲಿ ಉಳಿದ ಸತ್ತ ಮರಿ. ಆದುದರಿಂದ ಮರಿ ಹಾಕುವ ದಿನಗಳಲ್ಲಿ ಪಂಜರದ ಬಳಿ ಗದ್ದಲ, ನಾಯಿ, ಅಪರಿಚಿತರು ಇರಬಾರದು. ಶುದ್ಧ ನೀರು ಸದಾ ತುಂಬಿರಬೇಕು.

ಮೊದಲ ಪರೀಕ್ಷೆಯಲ್ಲಿ ಮಾಡಬೇಕಾದ ಕೆಲಸಗಳು ಇಷ್ಟು: ಸತ್ತ ಮರಿ ಹಾಗೂ ರಕ್ತದಿಂದ ಒದ್ದೆಯಾದ ಹುಲ್ಲನ್ನು ತೆಗೆಯಿರಿ. ಮರಿಗಳನ್ನು ಎಣಿಸಿ ಬರೆದಿಡಿ. ಚದುರಿದ ಮರಿಗಳನ್ನು ಒಟ್ಟಿಗೆ ಸೇರಿಸಿ ತಾಯಿಯ ಕೂದಲನ್ನೇ ಹೊದಿಸಿ. ಗೂಡಿನೊಳಗೆ ಮರಿಗಳ ಸುತ್ತ 32ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಕೂದಲಿಲ್ಲದ ಮರಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗುವುದರಿಂದ ಮತ್ತು ತಾಯಿಯ ಕೂದಲಿನ ಹೊದಿಕೆಯಿಂದ ಈ ಬಿಸುಪು ಉಳಿಯುತ್ತದೆ. ಪದೇ ಪದೇ ಹೊದಿಕೆ ಸರಿಸಿದರೆ ಅದು ನಷ್ಟವಾಗುತ್ತದೆ.

ಹಾಲೂಡಿಕೆ: ತಾಯಿ ಮರಿಗಳನ್ನು ತೊರೆದಿಲ್ಲ

"ತಾಯಿ ಮರಿಗಳ ಹತ್ತಿರವೇ ಹೋಗುತ್ತಿಲ್ಲ" ಎಂಬ ದೂರು ಮೊಲ ಸಾಕುವ ಪ್ರತಿ ಮನೆಯಲ್ಲಿಯೂ ಕೇಳಿಬರುತ್ತದೆ. ಇದನ್ನು ಸರಿಯಾಗಿ ಅರಿತರೆ ಅನೇಕ ಮರಿಗಳು ಉಳಿಯುತ್ತವೆ.

ಮೊಲವು 24 ಗಂಟೆಗಳಲ್ಲಿ ಸಾಮಾನ್ಯವಾಗಿ ಒಮ್ಮೆ, ಕೆಲವೊಮ್ಮೆ ಎರಡು ಸಲ ಮಾತ್ರ ಹಾಲೂಡಿಸುತ್ತದೆ. ಪ್ರತಿ ಬಾರಿಯ ಅವಧಿ ಮೂರರಿಂದ ಐದು ನಿಮಿಷ. ಅದೂ ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ. ಉಳಿದ ವೇಳೆ ತಾಯಿ ಗೂಡಿನಿಂದ ದೂರವಿರುತ್ತದೆ. ಕಾಡಿನ ಬದುಕಿನಲ್ಲಿ ತನ್ನ ವಾಸನೆ ಹಿಡಿದು ಶತ್ರುಗಳು ಮರಿಗಳತ್ತ ಬಾರದಿರಲೆಂದು ಬೆಳೆದುಬಂದ ಗುಣವಿದು. ಇಷ್ಟು ಅಲ್ಪ ಸಮಯದಲ್ಲಿ ಮರಿ ತನ್ನ ತೂಕದ ಐದನೆಯ ಒಂದು ಭಾಗದಷ್ಟು ಹಾಲನ್ನು ಕುಡಿಯಬಲ್ಲದು. ಮೊಲದ ಹಾಲಿನಲ್ಲಿ ಕೊಬ್ಬು ಮತ್ತು ಸಸಾರಜನಕ ಎರಡೂ ಹಸುವಿನ ಹಾಲಿಗಿಂತ ಸುಮಾರು ಮೂರು ಪಟ್ಟು ಅಧಿಕ. ಆದ್ದರಿಂದ ಒಮ್ಮೆ ಹೊಟ್ಟೆ ತುಂಬಿದರೆ ಇಡೀ ದಿನಕ್ಕೆ ಸಾಲುತ್ತದೆ.

ಹೀಗಾಗಿ ತಾಯಿ ಗೂಡಿನಲ್ಲಿ ಕುಳಿತಿದೆಯೇ ಎಂದು ಕಾಯುತ್ತ ಕೂರಬೇಡಿ. ಮರಿಯ ಹೊಟ್ಟೆಯನ್ನು ನೋಡಿ. ಹಾಲು ಕುಡಿದ ಮರಿಯ ಹೊಟ್ಟೆ ದುಂಡಗೆ ಬಿಗಿದಿರುತ್ತದೆ. ತೆಳುವಾದ ಚರ್ಮದ ಮೂಲಕ ಒಳಗಿನ ಬಿಳಿಯ ಹಾಲು ಕಾಣುತ್ತದೆ. ಮರಿ ಬೆಚ್ಚಗೆ, ಶಾಂತವಾಗಿ ಮಲಗಿರುತ್ತದೆ. ಹಸಿದ ಮರಿಯ ಹೊಟ್ಟೆ ಒಳಸೇರಿರುತ್ತದೆ, ಚರ್ಮ ಸುಕ್ಕುಗಟ್ಟಿರುತ್ತದೆ, ಮರಿ ಚಡಪಡಿಸುತ್ತ ತೆವಳಾಡುತ್ತದೆ.

ದಿನಕ್ಕೊಮ್ಮೆ, ಬೆಳಿಗ್ಗೆ ನಿಗದಿತ ವೇಳೆಯಲ್ಲಿ ಈ ಪರೀಕ್ಷೆ ಮಾಡಿ. ಎರಡು ನಿಮಿಷಕ್ಕಿಂತ ಹೆಚ್ಚು ಕಾಲ ಬೇಡ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಿದ್ದರೆ ಮರಿಗಳನ್ನು ತೂಗಿ ಪುಸ್ತಕದಲ್ಲಿ ಬರೆಯಿರಿ. ದಿನದಿಂದ ದಿನಕ್ಕೆ ತೂಕ ಏರುತ್ತಿದ್ದರೆ ನೀವು ಮಾಡಬೇಕಾದುದು ಬೇರೇನೂ ಇಲ್ಲ. ಈ ತೂಕದ ಪುಸ್ತಕವನ್ನು ಮನೆಯ ಮಕ್ಕಳಿಗೆ ವಹಿಸಿಕೊಟ್ಟರೆ ಮರಿಗಳನ್ನು ಎತ್ತಿಕೊಂಡು ತಿರುಗಬೇಕೆಂಬ ಅವರ ಹಂಬಲಕ್ಕೂ ಒಂದು ಮಿತಿ ದೊರೆಯುತ್ತದೆ.

ತಾಯಿಯ ಆಹಾರದತ್ತ ಗಮನವಿರಲಿ. ಹಾಲೂಡುವ ಮೊಲ ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಅಧಿಕ. ನೀರು ಕಡಿಮೆಯಾದ ದಿನವೇ ಹಾಲು ಕಡಿಮೆಯಾಗುತ್ತದೆ. ಮೇವನ್ನು ಅಳತೆಯಿಲ್ಲದೆ ಒದಗಿಸಿ. ತಾಯಿಯ ಮೊಲೆಗಳು ಕೆಂಪಾಗಿ, ಗಟ್ಟಿಯಾಗಿ, ಬಿಸಿಯಾಗಿದ್ದರೆ ಅದು ಕೆಚ್ಚಲು ಬಾವು. ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು.

ಮರಿ ತಣ್ಣಗಾದಲ್ಲಿ

ಗೂಡಿನಿಂದ ಹೊರಬಿದ್ದ ಮರಿ ತಣ್ಣಗೆ, ನೀಲಿಗಟ್ಟಿ, ಸತ್ತಂತೆ ಕಂಡರೂ ಕೂಡಲೇ ಎಸೆಯಬೇಡಿ. ಅಂಗೈಯಲ್ಲಿ ಅಥವಾ ಮೈಗೆ ಒತ್ತಿ ಹಿಡಿದು ಬೆಚ್ಚಗಾಗಿಸಿ. ಬಿಸಿನೀರು ತುಂಬಿದ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಅದರ ಪಕ್ಕದಲ್ಲಿ ಮಲಗಿಸಬಹುದು. ಬಾಟಲಿ ಕೈಗೆ ಹಿತವಾದ ಬಿಸಿಯಲ್ಲಿರಬೇಕು, ಸುಡಬಾರದು. ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಅನೇಕ ಮರಿಗಳು ಚೇತರಿಸಿಕೊಳ್ಳುತ್ತವೆ. ಪೂರ್ತಿ ಬೆಚ್ಚಗಾಗುವ ಮುನ್ನ ಬಾಯಿಗೆ ಏನನ್ನೂ ಹಾಕಬೇಡಿ. ತಣ್ಣಗಿರುವ ಮರಿಗೆ ನುಂಗುವ ಶಕ್ತಿಯಿಲ್ಲ. ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಚೇತರಿಸಿಕೊಂಡ ಬಳಿಕ ಗೂಡಿಗೆ ಮರಳಿಸಿ.

ತಾಯಿ ಹಾಲೂಡದಿದ್ದಲ್ಲಿ ಅಥವಾ ತಾಯಿ ಸತ್ತಲ್ಲಿ

ಇಪ್ಪತ್ತನಾಲ್ಕು ಗಂಟೆಗಳ ನಂತರವೂ ಎಲ್ಲ ಮರಿಗಳ ಹೊಟ್ಟೆ ಬರಿದಾಗಿಯೇ ಇದ್ದರೆ ಈ ಕ್ರಮದಲ್ಲಿ ಮುಂದುವರಿಯಿರಿ.

ಮೊದಲನೆಯದಾಗಿ, ತಾಯಿಯನ್ನು ಮೆಲ್ಲಗೆ ಗೂಡುಪೆಟ್ಟಿಗೆಯೊಳಗೆ ಮರಿಗಳ ಮೇಲೆ ನಿಲ್ಲಿಸಿ, ತಲೆ ಬೆನ್ನು ಸವರುತ್ತ ಐದು ನಿಮಿಷ ಹಿಡಿಯಿರಿ. ಮರಿಗಳು ತಾವಾಗಿಯೇ ಮೊಲೆ ಹುಡುಕಿಕೊಳ್ಳುತ್ತವೆ. ದಿನಕ್ಕೊಮ್ಮೆ, ಕೆಲವು ದಿನ ಹೀಗೆ ಮಾಡಿದರೆ ಅನೇಕ ಚೊಚ್ಚಲ ತಾಯಂದಿರು ಮುಂದೆ ತಾವೇ ಹಾಲೂಡತೊಡಗುತ್ತವೆ.

ಎರಡನೆಯದಾಗಿ, ಅದೇ ವೇಳೆ ಮರಿ ಹಾಕಿದ ಇನ್ನೊಂದು ಮೊಲವಿದ್ದರೆ ಮರಿಗಳನ್ನು ಅದಕ್ಕೆ ಒಪ್ಪಿಸಿ. ಎರಡು ಗುಂಪಿನ ಮರಿಗಳ ವಯಸ್ಸಿನಲ್ಲಿ ಎರಡು ಮೂರು ದಿನಗಳಿಗಿಂತ ಹೆಚ್ಚಿನ ಅಂತರವಿರಬಾರದು. ಹೊಸ ಮರಿಗಳನ್ನು ಸಾಕುತಾಯಿಯ ಗೂಡಿನ ಕೂದಲಿನಲ್ಲಿ ಹೊರಳಿಸಿ, ಅದರ ಮರಿಗಳ ನಡುವೆ ಇರಿಸಿ. ಮೊಲಕ್ಕೆ ಸಾಮಾನ್ಯವಾಗಿ ಎಂಟು ಮೊಲೆಗಳಿರುವುದರಿಂದ ಒಟ್ಟು ಮರಿಗಳ ಸಂಖ್ಯೆ ಎಂಟನ್ನು ಮೀರದಿರುವುದು ಲೇಸು. ಒಂದೇ ತಾಯಿಗೆ ಹತ್ತು ಹನ್ನೆರಡು ಮರಿಗಳಾದಾಗಲೂ ಇದೇ ವಿಧಾನದಿಂದ ಹಂಚಬಹುದು.

ಈ ಎರಡೂ ಸಾಧ್ಯವಾಗದಿದ್ದಾಗ ಮಾತ್ರ ಕೈಯಿಂದ ಹಾಲು ಕುಡಿಸಬೇಕು. ಇದು ಕಷ್ಟದ ಕೆಲಸ. ಎಷ್ಟೇ ಎಚ್ಚರ ವಹಿಸಿದರೂ ಕೆಲವು ಮರಿಗಳು ಉಳಿಯುವುದಿಲ್ಲ. ಔಷಧಿ ಅಂಗಡಿಗಳಲ್ಲಿ ಅಥವಾ ಸಾಕುಪ್ರಾಣಿಗಳ ಅಂಗಡಿಗಳಲ್ಲಿ ದೊರೆಯುವ ಬೆಕ್ಕಿನ ಮರಿಗಳ ಹಾಲಿನ ಪುಡಿ ಇದಕ್ಕೆ ಸೂಕ್ತ. ಅದು ಸಿಗುವವರೆಗೆ ಮೇಕೆಯ ಹಾಲನ್ನು ಬಳಸಬಹುದು. ಹಸುವಿನ ಹಾಲು ಮರಿಗೆ ಸಾಲದಷ್ಟು ತೆಳುವಾಗಿದ್ದು ಭೇದಿಗೂ ಎಡೆಮಾಡುತ್ತದೆ. ಒಂದು ಹೊತ್ತಿಗೆ, ದಿನಕ್ಕೆ ಎರಡು ಹೊತ್ತಿನಂತೆ ಕೊಡಬೇಕಾದ ಅಂದಾಜು ಪ್ರಮಾಣ ಹೀಗಿದೆ:

• ಹುಟ್ಟಿದ ಮೊದಲ ದಿನಗಳು: 2.5 ಮಿ.ಲೀ.
• ಒಂದು ವಾರದ ಮರಿ: 6ರಿಂದ 7 ಮಿ.ಲೀ.
• ಎರಡು ವಾರದ ಮರಿ: 12ರಿಂದ 13 ಮಿ.ಲೀ.
• ಮೂರು ವಾರದ ನಂತರ: 15 ಮಿ.ಲೀ.ವರೆಗೆ

ಸಣ್ಣ ತಳಿಯ ಮರಿಗಳಿಗೆ ಇದಕ್ಕಿಂತ ಕಡಿಮೆ ಸಾಕು. ಹಾಲು ಮೈಬಿಸಿಯಷ್ಟಿರಲಿ. ಸೂಜಿ ತೆಗೆದ 1 ಮಿ.ಲೀ. ಸಿರಿಂಜಿನಿಂದ ಹನಿ ಹನಿಯಾಗಿ, ಮರಿಯೇ ನೆಕ್ಕಿ ಕುಡಿಯುವಂತೆ ಕೊಡಿ. ಮರಿಯನ್ನು ತಲೆ ಮೇಲಾಗಿ, ಹೊಟ್ಟೆ ಕೆಳಮುಖವಾಗಿ ಹಿಡಿಯಬೇಕು. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಬಾರದು. ಮೂಗಿನಲ್ಲಿ ಹಾಲು ಬಂದರೆ ತಕ್ಷಣ ನಿಲ್ಲಿಸಿ, ತಲೆ ಕೆಳಗೆ ಮಾಡಿ ಒರೆಸಿ. ಪ್ರತಿ ಬಾರಿ ಹಾಲು ಕುಡಿಸಿದ ಮೇಲೆ ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಹೊಟ್ಟೆಯ ಕೆಳಭಾಗವನ್ನು ಮೃದುವಾಗಿ ಒರೆಸಬೇಕು. ತಾಯಿ ನೆಕ್ಕುವುದಕ್ಕೆ ಬದಲಾಗಿ ಈ ಸ್ಪರ್ಶದಿಂದ ಮರಿ ಮೂತ್ರ ವಿಸರ್ಜಿಸುತ್ತದೆ. ಕಣ್ಣು ತೆರೆಯುವವರೆಗೆ ಇದನ್ನು ಮುಂದುವರಿಸಿ.

ಬೆಳವಣಿಗೆಯ ಹಂತಗಳು

ನಿಮ್ಮ ಮರಿಗಳು ಸರಿಯಾಗಿ ಬೆಳೆಯುತ್ತಿವೆಯೇ ಎಂಬುದನ್ನು ಕೆಳಗಿನ ವಿವರದೊಡನೆ ಹೋಲಿಸಿ ತಿಳಿಯಬಹುದು.

• ಹುಟ್ಟಿದ ದಿನ: ಕೂದಲಿಲ್ಲ, ಕಣ್ಣು, ಕಿವಿ ಮುಚ್ಚಿರುತ್ತವೆ. ಮಧ್ಯಮ ಗಾತ್ರದ ತಳಿಗಳಲ್ಲಿ ತೂಕ 40ರಿಂದ 60 ಗ್ರಾಂ.
• 5ರಿಂದ 7ನೆಯ ದಿನ: ಮೈಮೇಲೆ ನವಿರಾದ ಕೂದಲು. ಮೊದಲ ವಾರದ ಕೊನೆಗೆ ತೂಕ ಸುಮಾರು ಇಮ್ಮಡಿ.
• 10ರಿಂದ 12ನೆಯ ದಿನ: ಕಣ್ಣು ತೆರೆಯುತ್ತವೆ.
• 15ರಿಂದ 18ನೆಯ ದಿನ: ಮರಿಗಳು ತಾವಾಗಿ ಗೂಡಿನಿಂದ ಹೊರಬರುತ್ತವೆ.
• 18ರಿಂದ 21ನೆಯ ದಿನ: ಹುಲ್ಲನ್ನು ಕಡಿಯಲು ಆರಂಭ. ತಾಯಿಯ ಹಾಲಿನ ಪ್ರಮಾಣ ಈ ವೇಳೆಗೆ ಗರಿಷ್ಠ, ಬಳಿಕ ಇಳಿಮುಖ.
• 4ರಿಂದ 6ನೆಯ ವಾರ: ಮೇವೇ ಪ್ರಧಾನ ಆಹಾರವಾಗುತ್ತದೆ.
• 8ನೆಯ ವಾರ: ತಾಯಿಯಿಂದ ಬೇರ್ಪಡಿಸಬಹುದು.
• 10ರಿಂದ 12ನೆಯ ವಾರ: ಗಂಡು, ಹೆಣ್ಣುಗಳನ್ನು ಪ್ರತ್ಯೇಕಿಸಬೇಕು.

ಹನ್ನೆರಡನೆಯ ದಿನ ಕಳೆದರೂ ಕಣ್ಣು ಅಂಟಿಕೊಂಡಿದ್ದರೆ ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಶುಭ್ರವಾದ ಹತ್ತಿಯನ್ನು ಅದ್ದಿ ಮೆಲ್ಲಗೆ ಒರೆಸಿ. ಬಲವಂತವಾಗಿ ಬಿಡಿಸಬೇಡಿ. ಕೀವು ಕಂಡರೆ ಪಶುವೈದ್ಯರ ಬಳಿಗೆ ಒಯ್ಯಿರಿ. ತಡಮಾಡಿದರೆ ಮರಿ ಕುರುಡಾಗುತ್ತದೆ.

ಮರಿಗಳು ಹೊರಬರತೊಡಗಿದಾಗ ನೆಲ ಜಾರುವಂತಿರಬಾರದು. ನಯವಾದ ಟೈಲ್ಸ್ ಅಥವಾ ಬರಿಯ ಕಾಗದದ ಮೇಲೆ ಬೆಳೆದ ಮರಿಗಳ ಹಿಂಗಾಲುಗಳು ಅಗಲಕ್ಕೆ ಜಾರಿ ಶಾಶ್ವತವಾಗಿ ಊನವಾಗಬಹುದು. ಗೋಣಿಚೀಲದ ಮೇಲೆ ಒಣಹುಲ್ಲು ಹರಡಿದರೆ ಸಾಕು. ಗೋಣಿಯ ಎಳೆ ಬಿಚ್ಚಿಕೊಂಡ ಕೂಡಲೇ ಅದನ್ನು ಬದಲಿಸಿ. ಮೂರು ವಾರ ತುಂಬಿದ ಮೇಲೆ ಗೂಡುಪೆಟ್ಟಿಗೆಯನ್ನು ತೆಗೆದು, ತೊಳೆದು, ಬಿಸಿಲಿಗೆ ಒಣಗಿಸಿಡಿ.

ಎರಡನೆಯ ಅಪಾಯದ ಅವಧಿ: ಹಾಲಿನಿಂದ ಮೇವಿಗೆ

ಮೂರು ವಾರದವರೆಗೆ ಮರಿಯ ಹೊಟ್ಟೆಯಲ್ಲಿ ಹಾಲು ಮಾತ್ರವಿರುತ್ತದೆ. ತಾಯಿಯ ಹಾಲಿನಿಂದ ಉಂಟಾಗುವ ಕೊಬ್ಬಿನ ಆಮ್ಲಗಳು ಹೊಟ್ಟೆಯಲ್ಲಿ ರೋಗಾಣುಗಳು ಬೆಳೆಯದಂತೆ ತಡೆಯುತ್ತವೆ. ಹಾಲು ಬಿಟ್ಟಂತೆ ಈ ರಕ್ಷಣೆ ಇಲ್ಲವಾಗುತ್ತದೆ. ಬೆಳೆದ ಮೊಲದ ಜಠರದಲ್ಲಿ ರೋಗಾಣುಗಳನ್ನು ಕೊಲ್ಲುವಷ್ಟು ತೀಕ್ಷ್ಣವಾದ ಆಮ್ಲವಿರುತ್ತದೆ. ಮರಿಯಲ್ಲಿ ಅದು ನಿಧಾನವಾಗಿ ರೂಪುಗೊಳ್ಳುತ್ತದೆ. ಇವೆರಡರ ನಡುವಿನ ವಾರಗಳಲ್ಲಿ ಮರಿಯ ಕರುಳು ಅತ್ಯಂತ ದುರ್ಬಲವಾಗಿರುತ್ತದೆ.

ನಾರನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಮೊಲದ ದೊಡ್ಡ ಕರುಳಿನ ಚೀಲದಲ್ಲಿ ನೆಲೆಸುತ್ತವೆ. ತಾಯಿ ಗೂಡಿನಲ್ಲಿ ಬಿಟ್ಟುಹೋಗುವ ಹಿಕ್ಕೆಗಳನ್ನು ಮೆಲ್ಲುವ ಮೂಲಕ ಮರಿಗಳು ಈ ಸೂಕ್ಷ್ಮಜೀವಿಗಳನ್ನು ಪಡೆಯುತ್ತವೆ. ಬೆಳೆದ ಮೇಲೆಯೂ ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುತ್ತದೆ. ಇದನ್ನು ಕೊಳಕು ಅಭ್ಯಾಸವೆಂದು ತಿಳಿದು ತಡೆಯಬಾರದು. ತಾಯಿಯಿಲ್ಲದ ಮರಿಗಳಿಗೆ ಮೂರನೆಯ ವಾರದ ಸುಮಾರಿಗೆ ಆರೋಗ್ಯವಂತ ಮೊಲದ ಮೆತ್ತನೆಯ ಹಿಕ್ಕೆ ದೊರೆಯುವಂತೆ ಮಾಡುವುದು ಉಪಯುಕ್ತ. ಹಿಕ್ಕೆ ಕೊಡುವ ಮೊಲಕ್ಕೆ ರಕ್ತಭೇದಿ ರೋಗವಿಲ್ಲವೆಂದು ಖಚಿತಪಡಿಸಿಕೊಂಡಿರಬೇಕು.

ವಾಣಿಜ್ಯ ಘಟಕಗಳಲ್ಲಿ ನಾಲ್ಕರಿಂದ ಐದು ವಾರಕ್ಕೆ ಹಾಲು ಬಿಡಿಸುತ್ತಾರೆ. ಮನೆಯಲ್ಲಿ ಸಾಕುವವರಿಗೆ ಅಂತಹ ಅವಸರವಿಲ್ಲ. ಎಂಟು ವಾರ ತಾಯಿಯೊಡನೆ ಬಿಟ್ಟರೆ ಕರುಳು ಗಟ್ಟಿಯಾಗುತ್ತದೆ. ಸಂತೆಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವ ಮೂರು ನಾಲ್ಕು ವಾರದ ಮರಿಗಳು ಮನೆಗೆ ತಂದ ವಾರದೊಳಗೆ ಭೇದಿಯಾಗಿ ಸಾಯುವುದಕ್ಕೆ ಅಕಾಲದಲ್ಲಿ ಹಾಲು ಬಿಡಿಸಿರುವುದೇ ಮುಖ್ಯ ಕಾರಣ. ಮರಿ ಕೊಳ್ಳುವವರು ಎಂಟು ವಾರ ತುಂಬಿದ್ದನ್ನೇ ಕೊಳ್ಳಬೇಕು. ಕೊಡುವವರೂ ಅದಕ್ಕೆ ಮುನ್ನ ಕೊಡಬಾರದು.

ಬೇರ್ಪಡಿಸುವಾಗ ತಾಯಿಯನ್ನು ಬೇರೆ ಪಂಜರಕ್ಕೆ ಒಯ್ದು, ಮರಿಗಳನ್ನು ಅದೇ ಜಾಗದಲ್ಲಿ ಒಂದು ವಾರ ಒಟ್ಟಿಗೆ ಬಿಡಿ. ಆ ವಾರ ಆಹಾರದಲ್ಲಿ ಯಾವುದೇ ಬದಲಾವಣೆ ಮಾಡಬೇಡಿ.

ಮರಿಗಳಿಗೆ ಮೇವು

ಮೊಲದ ಮರಿಗೆ ಮೊದಲ ಘನ ಆಹಾರ ಒಣಹುಲ್ಲಾಗಿರಬೇಕು. ಮೆತ್ತಗೆ ಒಣಗಿಸಿದ ಗರಿಕೆ, ರೋಡ್ಸ್ ಹುಲ್ಲು, ಓಟ್ಸ್ ಮೇವು ಉತ್ತಮ. ದಕ್ಷಿಣ ಜಿಲ್ಲೆಗಳಲ್ಲಿ ಸುಲಭವಾಗಿ ಸಿಗುವ ರಾಗಿ ಹುಲ್ಲಿನ ಎಲೆಭಾಗವನ್ನೂ ಬಳಸಬಹುದು. ಶೇಂಗಾ ಹೊಟ್ಟು ಪೌಷ್ಟಿಕವಾದರೂ ಮಳೆಗೆ ನೆನೆದು ಬೂಷ್ಟು ಹಿಡಿದಿದ್ದರೆ ವಿಷಕಾರಿ.

ಲೂಸರ್ನ್ ಎಂದೂ ಕರೆಯುವ ಕುದುರೆ ಮಸಾಲೆ ಬೆಳೆಯುವ ಮರಿಗಳಿಗೂ ಹಾಲೂಡುವ ತಾಯಿಗೂ ಶ್ರೇಷ್ಠ ಮೇವು. ಇದರಲ್ಲಿ ಸಸಾರಜನಕ ಹಾಗೂ ಸುಣ್ಣದ ಅಂಶ ಅಧಿಕ. ನೀರಾವರಿ ಇರುವವರು ಒಂದು ಗುಂಟೆಯಲ್ಲಿ 200ರಿಂದ 250 ಗ್ರಾಂ ಬೀಜವನ್ನು 25ರಿಂದ 30 ಸೆಂ.ಮೀ. ಅಂತರದ ಸಾಲುಗಳಲ್ಲಿ ಬಿತ್ತಬಹುದು. ಮೊದಲ ಕಟಾವು ಬಿತ್ತಿದ ಸುಮಾರು ಎರಡು ತಿಂಗಳಿಗೆ; ನಂತರ 25ರಿಂದ 30 ದಿನಗಳಿಗೊಮ್ಮೆ. ಆರೇಳು ತಿಂಗಳು ತುಂಬಿದ ಮೇಲೆ ಸುಣ್ಣದ ಅಂಶ ಅತಿಯಾಗದಂತೆ ಇದನ್ನು ಕಡಿಮೆ ಮಾಡಿ ಹುಲ್ಲನ್ನು ಹೆಚ್ಚಿಸಬೇಕು. ಮಳೆಯಾಶ್ರಿತ ಪ್ರದೇಶದಲ್ಲಿ ಅಲಸಂದೆ ಮೇವು ಬೆಳೆಯಬಹುದು. ರೇಷ್ಮೆ ಬೆಳೆಗಾರರ ಮನೆಗಳಲ್ಲಿ ಹಿಪ್ಪುನೇರಳೆ ಸೊಪ್ಪು ಕೈಗೆಟುಕುವ ಒಳ್ಳೆಯ ಮೇವು.

ಹಸಿರು ಮೇವನ್ನು ಮರಿಗಳಿಗೆ ಕ್ರಮೇಣ ರೂಢಿಸಬೇಕು. ತಾಯಿ ಈಗಾಗಲೇ ತಿನ್ನುತ್ತಿರುವ ಸೊಪ್ಪಿನಿಂದ ಆರಂಭಿಸಿ. ಒಂದು ಬಾರಿಗೆ ಒಂದೇ ಬಗೆಯ ಸೊಪ್ಪು, ಒಂದೆರಡು ಎಲೆ ಮಾತ್ರ ಕೊಡಿ. ಎರಡು ಮೂರು ದಿನ ಹಿಕ್ಕೆ ಗಟ್ಟಿಯಾಗಿಯೇ ಇದ್ದರೆ ಪ್ರಮಾಣ ಹೆಚ್ಚಿಸಿ. ಇಬ್ಬನಿ ಅಥವಾ ಮಳೆಯಿಂದ ಒದ್ದೆಯಾದ ಸೊಪ್ಪನ್ನು ನೆರಳಲ್ಲಿ ಹರಡಿ ಬಾಡಿಸಿ ಕೊಡಿ. ರಾಶಿ ಹಾಕಿ ಬಿಸಿಯೇರಿದ ಸೊಪ್ಪು ಬೇಡ.

ಇವುಗಳನ್ನು ಕೊಡಬೇಡಿ:

• ಅನ್ನ, ಮುದ್ದೆ, ಚಪಾತಿ, ಬ್ರೆಡ್ಡು, ಬಿಸ್ಕತ್ತು, ನೆನೆಸಿದ ಕಾಳು. ಇವುಗಳ ಪಿಷ್ಟ ಕರುಳಿನಲ್ಲಿ ಹುದುಗಿ ಮಾರಕ ಭೇದಿ ತರುತ್ತದೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯಿಲ್ಲ. ಒಳಹೋದದ್ದು ಹೊರಬರಲು ಬೇರೆ ದಾರಿಯಿಲ್ಲ.
• ಕ್ಯಾರೆಟ್ ಗೆಡ್ಡೆ, ಬಾಳೆಹಣ್ಣು. ಸಿಹಿಯಾದ ಇವು ಮರಿಗಳಿಗೆ ಸಲ್ಲ; ಬೆಳೆದ ಮೊಲಕ್ಕೂ ಒಂದು ಚೂರು ಸಾಕು.
• ಕೋಳಿ ಆಹಾರ ಮತ್ತು ದನಗಳ ಪಶು ಆಹಾರ. ಕೋಳಿ ಆಹಾರಕ್ಕೆ ಬೆರೆಸುವ ಕೆಲವು ಔಷಧಗಳು ಮೊಲಕ್ಕೆ ವಿಷ; ಪಶು ಆಹಾರದಲ್ಲಿ ಯೂರಿಯಾ ಇರಬಹುದು.
• ಹೂ ಬಿಡುವ ಮುನ್ನಿನ ಎಳೆಯ ಜೋಳ, ವಿಶೇಷವಾಗಿ ಬರಕ್ಕೆ ಬಾಡಿದ್ದು. ಇದರಲ್ಲಿ ಸೈನೈಡ್ ವಿಷಾಂಶವಿರುತ್ತದೆ.
• ಲಂಟಾನ, ಎಕ್ಕ, ಕಣಗಿಲೆ, ಹರಳು, ಪಾರ್ಥೇನಿಯಂ.
• ಕೀಟನಾಶಕ ಅಥವಾ ಕಳೆನಾಶಕ ಸಿಂಪಡಿಸಿದ ಹೊಲದ ಬದುವಿನ ಹುಲ್ಲು. ಹುಳು ಸಾಕಲೆಂದು ಬೆಳೆದ ತೋಟದಲ್ಲಿಯೂ ಸಿಂಪರಣೆಯ ದಿನಾಂಕ ವಿಚಾರಿಸಿಯೇ ಸೊಪ್ಪು ತನ್ನಿ.

ಮೊಲಗಳಿಗೆಂದೇ ತಯಾರಿಸಿದ ಪೆಲೆಟ್ ಆಹಾರ ದೊರೆತರೆ ಸ್ವಲ್ಪ ಪ್ರಮಾಣದಲ್ಲಿ ಕೊಡಬಹುದು. ಶೇಕಡ 16ರಷ್ಟು ಸಸಾರಜನಕ ಹಾಗೂ ಶೇಕಡ 14ಕ್ಕೆ ಕಡಿಮೆಯಿಲ್ಲದ ನಾರು ಇರುವುದನ್ನು ಆರಿಸಿ. ಒಣಹುಲ್ಲು ಮಾತ್ರ ಹಗಲಿರುಳು ಪಂಜರದಲ್ಲಿರಬೇಕು.

ಬಿಸಿಲು ಮತ್ತು ಸ್ವಚ್ಛತೆ

ಎಳೆಮರಿಗೆ ಚಳಿ ಶತ್ರುವಾದರೆ, ಕೂದಲು ಬಂದ ಮರಿ ಹಾಗೂ ತಾಯಿಗೆ ಬಿಸಿಲು ಶತ್ರು. ಉಷ್ಣತೆ 30 ಡಿಗ್ರಿ ದಾಟಿದರೆ ಮೊಲಗಳು ಬಳಲುತ್ತವೆ. 35 ದಾಟಿದರೆ ಪ್ರಾಣಾಪಾಯ. ರಾಯಚೂರು, ಕಲಬುರಗಿ, ಬಳ್ಳಾರಿ ಜಿಲ್ಲೆಗಳ ಬೇಸಿಗೆಯಲ್ಲಿ ಪಂಜರವನ್ನು ತಗಡಿನ ಸೂರಿನ ಕೆಳಗೆ ಇಡಬಾರದು. ಮರದ ನೆರಳು ಅಥವಾ ಗರಿಯ ಚಪ್ಪರ, ಸುತ್ತ ಒದ್ದೆ ಗೋಣಿಪರದೆ, ಪಂಜರದಲ್ಲಿ ತಣ್ಣೀರು ತುಂಬಿದ ಮಣ್ಣಿನ ಮಡಕೆ ಉಪಕಾರಿ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಮರಿಗಳಾಗದಂತೆ ಯೋಜಿಸುವುದು ಒಳಿತು.

ಐದಾರು ವಾರದಿಂದ ಮೂರು ನಾಲ್ಕು ತಿಂಗಳ ಮರಿಗಳನ್ನು ಹೆಚ್ಚಾಗಿ ಕಾಡುವ ರೋಗ ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿ. ಹೊಟ್ಟೆಯುಬ್ಬರ, ಭೇದಿ, ತೂಕ ಕುಂದುವಿಕೆ ಇದರ ಲಕ್ಷಣಗಳು. ರೋಗಾಣುವಿನ ತತ್ತಿಗಳು ಹಿಕ್ಕೆಯೊಡನೆ ಹೊರಬಿದ್ದು, ಸೋಂಕು ಹರಡುವಷ್ಟು ಬಲಿಯಲು ಒಂದೆರಡು ದಿನವಾದರೂ ಬೇಕು. ಆದ್ದರಿಂದ ಪ್ರತಿದಿನ ಹಿಕ್ಕೆ ತೆಗೆಯುವುದೇ ಇದಕ್ಕೆ ಪರಿಣಾಮಕಾರಿ ತಡೆ. ಸಾಮಾನ್ಯ ಫಿನಾಯಿಲಿಗೆ ಈ ತತ್ತಿಗಳು ಸಾಯುವುದಿಲ್ಲ. ಕುದಿಯುವ ನೀರು ಮತ್ತು ಸುಡುಬಿಸಿಲಿಗೆ ಸಾಯುತ್ತವೆ. ಮೇವನ್ನು ನೆಲದ ಮೇಲೆ ಹಾಕದೆ ತೊಟ್ಟಿಯಲ್ಲಿ ಅಥವಾ ಕಟ್ಟಿ ತೂಗುಹಾಕಿ ಕೊಡಿ. ಕಿವಿ, ಮೂಗು, ಪಾದಗಳಲ್ಲಿ ಹೊಪ್ಪಳೆ ಕಂಡರೆ ಅದು ನುಸಿಯಿಂದಾಗುವ ಕಜ್ಜಿ. ದುಂಡಗೆ ಕೂದಲು ಉದುರಿದ್ದರೆ ಹುಳುಕಡ್ಡಿ. ಇವು ಮನೆಯವರಿಗೂ ಅಂಟಬಹುದಾದ್ದರಿಂದ ಕೈ ತೊಳೆಯುವ ಅಭ್ಯಾಸವಿರಲಿ.

ಔಷಧದ ವಿಷಯದಲ್ಲಿ ಎಚ್ಚರ

ಮನುಷ್ಯರಿಗೆ, ದನಗಳಿಗೆ ತಂದು ಉಳಿದ ಔಷಧವನ್ನು ಮೊಲಕ್ಕೆ ಹಾಕಬೇಡಿ. ಬಾಯಿಯ ಮೂಲಕ ಕೊಟ್ಟ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಪೆನ್ಸಿಲಿನ್, ಲಿಂಕೋಮೈಸಿನ್‌ಗಳು ಮೊಲದ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳನ್ನು ನಾಶಮಾಡಿ ಮರಣವನ್ನು ತರಬಲ್ಲವು. ನಾಯಿಗಳ ಉಣ್ಣೆ, ಚಿಗಟಗಳಿಗೆ ಹಚ್ಚುವ ಫಿಪ್ರೋನಿಲ್ ಮೊಲಕ್ಕೆ ವಿಷ. ಭೇದಿ, ಹೊಟ್ಟೆಯುಬ್ಬರ, ಉಸಿರಾಟದ ತೊಂದರೆ ಕಂಡಾಗ ಅಥವಾ ಅರ್ಧ ದಿನ ಮೇವು ತಿನ್ನದೆ, ಹಿಕ್ಕೆ ಹಾಕದೆ ಇದ್ದಾಗ ನಾಳೆಯವರೆಗೆ ಕಾಯದೆ ಪಶುವೈದ್ಯರನ್ನು ಕಾಣಬೇಕು.

ಹಿಡಿಯುವ ವಿಧಾನ ಮತ್ತು ಪ್ರತ್ಯೇಕಿಸುವಿಕೆ

ಮೊಲವನ್ನು ಕಿವಿ ಹಿಡಿದು ಎತ್ತಲೇಬಾರದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು ಮೈಗೆ ಒತ್ತಿ ಹಿಡಿಯಿರಿ. ಹಿಂಗಾಲು ಆಧಾರವಿಲ್ಲದೆ ಝಾಡಿಸಿದರೆ ಮೊಲದ ಬೆನ್ನುಮೂಳೆ ಮುರಿಯಬಹುದು. ಮಕ್ಕಳು ನೆಲದ ಮೇಲೆ ಕುಳಿತು ಮಡಿಲಲ್ಲಿ ಇರಿಸಿಕೊಳ್ಳಲಿ. ಕಣ್ಣು ತೆರೆದ ಮೇಲೆ ದಿನಕ್ಕೆ ಕೆಲವು ನಿಮಿಷ ಹೀಗೆ ಮುಟ್ಟಿ ರೂಢಿಸಿದ ಮರಿಗಳು ಮನುಷ್ಯರಿಗೆ ಚೆನ್ನಾಗಿ ಹೊಂದಿಕೊಳ್ಳುತ್ತವೆ.

ಹತ್ತರಿಂದ ಹನ್ನೆರಡು ವಾರದೊಳಗೆ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಇರಿಸಬೇಕು. ಸಣ್ಣ ತಳಿಗಳು ಮೂರೂವರೆ ನಾಲ್ಕು ತಿಂಗಳಿಗೇ ಗರ್ಭ ಧರಿಸಬಲ್ಲವು. ಒಡಹುಟ್ಟಿದವುಗಳೆಂಬ ಭೇದ ಅವುಗಳಿಗಿಲ್ಲ. ಲಿಂಗ ಗುರುತಿಸುವುದು ಎಳೆಮರಿಗಳಲ್ಲಿ ಕಷ್ಟವಾದ್ದರಿಂದ ಒಮ್ಮೆ ಪಶು ಆಸ್ಪತ್ರೆಯಲ್ಲಿ ಖಚಿತಪಡಿಸಿಕೊಳ್ಳಿ.

ವಿಸ್ತರಣಾ ಕಾರ್ಯಕರ್ತರಿಗೆ

ಮೊಲ ಸಾಕಿದ ಮನೆಗೆ ಭೇಟಿ ನೀಡಿದಾಗ ಮೂರು ಪ್ರಶ್ನೆಗಳನ್ನು ಕೇಳಿ: ಗಂಡು ಮೊಲ ಎಲ್ಲಿದೆ? ಮರಿಗಳ ಹೊಟ್ಟೆಯನ್ನು ಇಂದು ನೋಡಿದಿರಾ? ಮರಿಗಳಿಗೆ ಮನೆಯ ಆಹಾರ ಏನಾದರೂ ಕೊಡುತ್ತಿರುವಿರಾ? ಹೆಚ್ಚಿನ ಸಮಸ್ಯೆಗಳ ಮೂಲ ಈ ಮೂರು ಉತ್ತರಗಳಲ್ಲಿಯೇ ದೊರೆಯುತ್ತದೆ. ಹುಟ್ಟಿದ ಮರಿಗಳ ಸಂಖ್ಯೆ ಮತ್ತು ಎಂಟು ವಾರಕ್ಕೆ ಉಳಿದವುಗಳ ಸಂಖ್ಯೆಯನ್ನು ಬರೆದಿಡುವಂತೆ ಸಾಕುವವರಿಗೆ ತಿಳಿಸಿ. ಮುಂದಿನ ಸಲ ಯಾವ ಅವಧಿಯಲ್ಲಿ ಎಚ್ಚರ ವಹಿಸಬೇಕೆಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಕೊನೆಯದಾಗಿ, ಗಂಡು ಹೆಣ್ಣುಗಳನ್ನು ಕೂಡಿಸುವ ಮುನ್ನವೇ ಹುಟ್ಟಬಹುದಾದ ಆರೆಂಟು ಮರಿಗಳಿಗೆ ಮೇವು, ಜಾಗ ಹಾಗೂ ಮುಂದೆ ಸಾಕುವ ಮನೆಗಳು ಇವೆಯೇ ಎಂದು ಯೋಚಿಸಿ. ಇಲ್ಲವಾದಲ್ಲಿ ಜೋಡಿಯನ್ನು ಪ್ರತ್ಯೇಕ ಪಂಜರಗಳಲ್ಲಿ ಇರಿಸಿ, ಅಥವಾ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಪಶುವೈದ್ಯರೊಡನೆ ಸಮಾಲೋಚಿಸಿ. ಹೆಚ್ಚಿನ ಮಾಹಿತಿಗೆ ಸಮೀಪದ ಪಶು ಆಸ್ಪತ್ರೆಯನ್ನೂ, ಮೇವಿನ ಬೆಳೆಗಳ ಬೀಜ ಮತ್ತು ಬೇಸಾಯ ಕ್ರಮಗಳಿಗಾಗಿ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನೂ ಸಂಪರ್ಕಿಸಬಹುದು.